ಖಾಲಿ ಬಾಟಲಿಗಳ ವಂಶಾವಳಿ

ನಮ್ಮ ಕಡೆ ಇತಿಹಾಸ ಎಂದರೆ ಕಲ್ಲು. ಬಾದಾಮಿಗೆ ಹೋದರೆ ಚಾಲುಕ್ಯರ ಗುಹೆಗಳು. ಐಹೊಳೆಗೆ ಹೋದರೆ ಮೇಗುತಿಯ ಗೋಡೆಯ ಮೇಲೆ ಕ್ರಿ. ಶ. 634ರ ರವಿಕೀರ್ತಿಯ ಶಾಸನ. ಪಟ್ಟದಕಲ್ಲಿಗೆ ಹೋದರೆ ರಾಣಿ ಲೋಕಮಹಾದೇವಿ ತನ್ನ ಗಂಡ ಯುದ್ಧ ಗೆದ್ದ ನೆನಪಿಗೆ ಕಟ್ಟಿಸಿದ ವಿರೂಪಾಕ್ಷನ ಗುಡಿ. ಈ ಮೂರು ಊರುಗಳ ನೆರೆಯಲ್ಲಿರುವ ಶಿರೂರು ನನ್ನ ತವರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದ ನಾನು ಪ್ರತಿವರ್ಷ ಮಕ್ಕಳನ್ನು ಸಾಲುಹಿಡಿಸಿ ಈ ಕಲ್ಲುಗಳನ್ನೇ ತೋರಿಸಿದವಳು. ಹಾಗೆ ತೋರಿಸುವಾಗೆಲ್ಲ ಮನಸ್ಸಿನ ಮೂಲೆಯಲ್ಲಿ ಒಂದು ಮಾತು ಕೊರೆಯುತ್ತಿತ್ತು. ರಾಣಿಯಾದರೆ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ. ರೊಟ್ಟಿ ಬಡಿದು, ನೀರು ಹೊತ್ತು, ಕೂಸು ಆಡಿಸಿ ಮುಗಿದುಹೋದವರದು ಎಲ್ಲಿ ಉಳಿಯುತ್ತದೆ?

ಈಗ ಯಾರಾದರೂ "ನಿವೃತ್ತಿಯಾದ ಮೇಲೆ ಏನು ಮಾಡುತ್ತೀರಿ?" ಎಂದು ಕೇಳಿದರೆ "ಹಳೆಯ ಬಾಟಲಿಗಳ ಇತಿಹಾಸ ನೋಡುತ್ತಿದ್ದೇನೆ" ಎನ್ನುತ್ತೇನೆ. ಮೊದಲು ನಗುತ್ತಾರೆ. ಆಮೇಲೆ ದನಿ ತಗ್ಗಿಸಿ, "ಯಾವ ಬಾಟ್ಲಿ?" ಎಂದು ಕೇಳುತ್ತಾರೆ. ಎಲ್ಲ ಬಾಟಲಿಯೂ ಎನ್ನುತ್ತೇನೆ. ಔಷಧದ್ದು, ಶಾಯಿಯದು, ಅತ್ತರಿನದು, ಸೋಡಾದ್ದು, ಗಂಡಸರು ಹಿತ್ತಿಲಲ್ಲಿ ಬಚ್ಚಿಟ್ಟದ್ದು ಕೂಡ.

ಈ ಬಾಟಲಿಗಳು ನನ್ನ ಬಳಿಗೆ ಬಂದದ್ದು ಮುಳುಗಡೆಯಿಂದ. ಅವ್ವನ ತವರು ಹಳೆಯ ಬಾಗಲಕೋಟೆ. ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ, ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಕೈಯಿಂದ. ಮುಂದೆ ಹಿನ್ನೀರು ಘಟಪ್ರಭೆಯಲ್ಲಿ ಮೇಲೇರಿ ಬಾಗಲಕೋಟೆಯ ಹಳೆಯ ಓಣಿಗಳಿಗೆ ಬಂದೀತೆಂದು ಗೊತ್ತಾಗಿ ನವನಗರ ಹುಟ್ಟಿತು. ಅದರ ನಕ್ಷೆಗೆ ಕೈಹಾಕಿದವರು ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ಊರಿಗೆ ಊರೇ ಎದ್ದು ಹೋಗುವುದೆಂದರೆ ಏನೆಂದು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಹೇಳಬೇಕಾಗಿಲ್ಲ. ಪರಿಹಾರಕ್ಕೆಂದು ಮನೆ ಅಳೆದರು. ಗೋಡೆ ಎಷ್ಟು ಉದ್ದ, ತೊಲೆ ಎಷ್ಟು, ಬಾಗಿಲು ಸಾಗವಾನಿಯದೋ ಬೇವಿನದೋ, ಹಿತ್ತಿಲಲ್ಲಿ ಗಿಡ ಎಷ್ಟು, ಎಲ್ಲ ಬರೆದುಕೊಂಡರು. ವಾರಸದಾರರು ಯಾರೆಂದು ವಂಶಾವಳಿ ಬರೆಸಿದರು. ಮಾಡದೊಳಗಿನ ಬಾಟಲಿಗಳನ್ನು ಯಾರು ಎಣಿಸಬೇಕು? ಎಣಿಸಲಿಕ್ಕೆ ಅವಕ್ಕೆ ಬೆಲೆಯೂ ಇರಲಿಲ್ಲ. 2000ದ ಆಸುಪಾಸಿನಲ್ಲಿ ಸೋದರಮಾವ ಮನೆ ಖಾಲಿ ಮಾಡುವಾಗ ಹಿತ್ತಾಳೆ-ತಾಮ್ರ ಹೊಸ ಮನೆಗೆ ಹೋಯಿತು, ಹಳೆಯ ಕಬ್ಬಿಣ ಮೋಡ್ಕಾದವನಿಗೆ ಹೋಯಿತು. ದೊಡ್ಡವ್ವ ಹಟ ಹಿಡಿದಳೆಂದು ಎರಡು ಗೋಣಿಚೀಲ ಬಾಟಲಿ, ನಡುವೆ ಕಣಿಕಿ ತುರುಕಿ, ಶಿರೂರಿನ ನಮ್ಮ ಮನೆಯ ಅಟ್ಟಕ್ಕೆ ಬಂದವು.

ನಾನು ಅವನ್ನು ಒಂದೊಂದಾಗಿ ತೊಳೆದು ಸಾಲಾಗಿ ಇಟ್ಟಾಗ ಮೊದಲು ಕಾಡಿದ್ದು ಅವುಗಳ ಹೆಸರು. ನಾವು ಶೀಶೆ ಎನ್ನುತ್ತೇವೆ, ಮೈಸೂರು ಕಡೆ ಸೀಸೆ ಎನ್ನುತ್ತಾರೆ. ಅದು ಪಾರಸಿ ಮಾತು. ಬಾಟಲಿ ಇಂಗ್ಲಿಷಿನದು. ಆದರೆ ಗಾಜು ಎಂಬ ಮಾತು ಸಂಸ್ಕೃತದ ಕಾಚದಿಂದ ಬಂದು ನಮ್ಮಲ್ಲಿ ಬಹಳ ಹಿಂದೆಯೇ ಬೇರೂರಿದೆ. ಹಾಗಾದರೆ ಗಾಜು ನಮ್ಮಲ್ಲಿ ಮೊದಲಿನಿಂದ ಇತ್ತು, ಗಾಜಿನ ಶೀಶೆ ಮಾತ್ರ ಹೊರಗಿನಿಂದ ಬಂತೇ?

ಉತ್ತರ ಸಿಕ್ಕಿದ್ದು ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನ ಪ್ರವಾಸದ ಪುಸ್ತಕದಲ್ಲಿ. ಟಿಪ್ಪೂ ಸುಲ್ತಾನ ಬಿದ್ದ ಮೇಲೆ 1800-01ರಲ್ಲಿ ಕಂಪನಿ ಸರಕಾರದ ಅಪ್ಪಣೆಯಂತೆ ಈತ ಮೈಸೂರು ಸೀಮೆಯನ್ನೆಲ್ಲ ಸುತ್ತಿ, ಕಂಡದ್ದನ್ನೆಲ್ಲ ಬರೆದಿಟ್ಟ. ಈಗಿನ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲೂಕಿನ ಮತ್ತೋಡಿನಲ್ಲಿ ಗಾಜು ಕರಗಿಸುವ ಒಲೆಗಳನ್ನು ನೋಡಿದ. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಗಾಜು ಅಲ್ಲಿ ಆಗುತ್ತಿತ್ತು. ಅದರಿಂದ ಮಾಡುತ್ತಿದ್ದದ್ದು ಬಳೆ. ಓದಿ ನನಗೆ ಒಂದು ಬಗೆಯ ಖುಷಿಯಾಯಿತು. ನಮ್ಮ ನಾಡಿನ ಕುಲುಮೆಯವರು ಗಾಜನ್ನು ಹೆಣ್ಣಿನ ಕೈಗೆ ಕೊಟ್ಟರು. ಗೂಡಿನಲ್ಲಿಡುವ ಶೀಶೆ ಬೇಕಾದಾಗ ದೂರದಿಂದ ತರಿಸಬೇಕಾಯಿತು.

ತರಿಸಿದ್ದು ರೈಲಿನಲ್ಲಿ. ಹೋಟಗಿಯಿಂದ ವಿಜಾಪುರ, ಬಾಗಲಕೋಟೆ ಮೇಲೆ ಗದಗಿನವರೆಗೆ ರೈಲುಹಾದಿ ಬಂದದ್ದು 1880ರ ದಶಕದಲ್ಲಿ. ಆಗ ನಾವು ಮುಂಬಯಿ ಇಲಾಖೆಯವರು. 1956ರವರೆಗೂ ಹಾಗೆಯೇ ಇದ್ದೆವು. ಹೀಗಾಗಿ ನಮ್ಮ ಗೂಡಿನ ಬಾಟಲಿಗಳಿಗೆ ಬೆಂಗಳೂರಿಗಿಂತ ಮುಂಬಯಿ, ಪುಣೆಯ ನೆಂಟಸ್ತಿಕೆ ಹೆಚ್ಚು. ಅಮೃತಾಂಜನವನ್ನೇ ನೋಡಿ. ಕಾಶೀನಾಥುನಿ ನಾಗೇಶ್ವರರಾಯರೆಂಬ ತೆಲುಗರು ಅದನ್ನು 1893ರಲ್ಲಿ ಶುರು ಮಾಡಿದ್ದು ಮುಂಬಯಿಯಲ್ಲಿ. ಮದ್ರಾಸಿಗೆ ಹೋದದ್ದು ಆಮೇಲೆ. ಕೂಸುಗಳಿಗೆ ಕುಡಿಸುವ ವುಡ್‌ವರ್ಡ್ಸ್ ಗ್ರೈಪ್ ವಾಟರು ಹಡಗೇರಿ ಬಂದದ್ದು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ವಿಲಿಯಂ ವುಡ್‌ವರ್ಡ್ ಅದನ್ನು 1851ರಲ್ಲಿ ತಯಾರಿಸಿದ. ಹಾರ್ಲಿಕ್ಸಿನ ಮೂಲ 1873ರ ಅಮೆರಿಕದ ಶಿಕಾಗೊ, ಇಬ್ಬರು ಅಣ್ಣತಮ್ಮಂದಿರ ಉದ್ಯೋಗ. ಇಷ್ಟು ದೇಶ ತಿರುಗಿದವು ಕೊನೆಗೆ ಬಾಗಲಕೋಟೆಯ ಒಂದು ಮಾಡದಲ್ಲಿ ಒಂದರ ಪಕ್ಕ ಒಂದು ಕುಳಿತಿದ್ದವು.

ಸ್ವದೇಶಿ ಚಳವಳಿ ಶುರುವಾದಾಗ ಗಾಜನ್ನೂ ನಾವೇ ಮಾಡಬೇಕೆಂಬ ಮಾತು ಎದ್ದಿತು. ಮಹಾರಾಷ್ಟ್ರದಲ್ಲಿ ಜನರಿಂದ ಒಂದೊಂದು ಪೈಸೆ ಕೂಡಿಸಿ ಪೈಸಾ ಫಂಡ್ ಎಂದು ಮಾಡಿದರು. ಲೋಕಮಾನ್ಯ ಟಿಳಕರ ಬೆಂಬಲ ಅದಕ್ಕಿತ್ತು. ಆ ಪೈಸೆಗಳಿಂದ 1908ರಲ್ಲಿ ಪುಣೆಯ ಹತ್ತಿರ ತಳೇಗಾಂವದಲ್ಲಿ ಗಾಜಿನ ಕಾರ್ಖಾನೆ ಎದ್ದು ನಿಂತಿತು. 1916ರಲ್ಲಿ ಸಾತಾರಾ ಜಿಲ್ಲೆಯ ಕರಾಡದ ಬಳಿ ಓಗಲೆ ಬಂಧುಗಳು ಇನ್ನೊಂದು ಕಾರ್ಖಾನೆ ತೆಗೆದರು. ಆ ಜಾಗಕ್ಕೆ ಓಗಲೆವಾಡಿ ಎಂದೇ ಹೆಸರಾಯಿತು. ಅವರ ಪ್ರಭಾಕರ ಕಂದೀಲು ಹಿರಿಯರಿಗೆ ನೆನಪಿದ್ದೀತು. ಕಂದೀಲಿನ ಗಾಜನ್ನು ಬೂದಿ ಹಚ್ಚಿ ಅರಿವೆಯಿಂದ ಒರೆಸುವ ಕೆಲಸ ಮನೆಯ ಸಣ್ಣ ಹುಡುಗಿಯದು, ಏಕೆಂದರೆ ಅವಳ ಕೈ ಮಾತ್ರ ಒಳಗೆ ಹೋಗುತ್ತಿತ್ತು. ನಾನೂ ಒರೆಸಿದ್ದೇನೆ.

ಒಂದು ಬಾಟಲಿಯ ವಯಸ್ಸು ತಿಳಿಯುವುದು ಹೇಗೆ ಎಂದು ಗೆಳತಿಯರು ಕೇಳುತ್ತಾರೆ. ಅದು ಕಠಿಣವೇನಲ್ಲ, ಕಾಳು ಹಸನ ಮಾಡುವ ಕಣ್ಣಿದ್ದರೆ ಸಾಕು. ಬಾಟಲಿಯ ಮೈಮೇಲೆ ಅಚ್ಚಿನ ಎರಡು ಹೋಳು ಕೂಡಿದ ಗೆರೆ ಇರುತ್ತದೆ. ಬೆರಳಾಡಿಸಿದರೆ ಹತ್ತುತ್ತದೆ. ಆ ಗೆರೆ ಕೊರಳಲ್ಲೇ ನಿಂತಿದ್ದರೆ, ಬಾಯಿಯ ಸುತ್ತು ಅಂಚನ್ನು ಆಮೇಲೆ ಕೈಯಿಂದ ಕೂಡಿಸಿದ್ದಾರೆ ಎಂದರ್ಥ. ಗೆರೆ ಬಾಯಿಯ ಅಂಚನ್ನೂ ದಾಟಿ ಹೋಗಿದ್ದರೆ ಅದು ಯಂತ್ರದ್ದು. ಬಾಟಲಿಯನ್ನು ಪೂರಾ ತಾನೇ ಮಾಡುವ ಯಂತ್ರವನ್ನು ಅಮೆರಿಕದ ಮೈಕೆಲ್ ಓವೆನ್ಸ್ 1903ರಲ್ಲಿ ಕಂಡುಹಿಡಿದ. ಗಾಜಿನೊಳಗೆ ಗುಳ್ಳೆ, ಓರೆಯಾದ ತಳ, ಒಂದು ಕಡೆ ದಪ್ಪ ಒಂದು ಕಡೆ ತೆಳುವಾದ ಗೋಡೆ, ಇವೆಲ್ಲ ಕೈಯ ಗುರುತು. ಆದರೆ ಇಂಗ್ಲಿಷ್ ಪುಸ್ತಕ ನೋಡಿ ಹೇಳುವ ವಯಸ್ಸನ್ನು ನಮ್ಮ ಬಾಟಲಿಗೆ ಹಾಗೆಯೇ ಹಚ್ಚಲು ಬರುವುದಿಲ್ಲ. ಅಲ್ಲಿ ಯಂತ್ರ ಬಂದ ಮೇಲೂ ನಮ್ಮ ದೇಶದಲ್ಲಿ ಬಾಯಿಂದ ಊದುವ ಕೆಲಸ ಬಹಳ ಕಾಲ ನಡೆಯಿತು.

ಇಂಗ್ಲೆಂಡಿನವರು ವಿಷದ ಔಷಧಕ್ಕೆ ಕಡುನೀಲಿ ಇಲ್ಲವೆ ಹಸಿರು ಗಾಜಿನ, ಮೈಮೇಲೆ ಏಣು ಏಣಾಗಿರುವ ಬಾಟಲಿ ಮಾಡುತ್ತಿದ್ದರು. ರಾತ್ರಿ ಕತ್ತಲೆಯಲ್ಲಿ ತಡವರಿಸಿದ ಕೈಗೆ ಇದು ವಿಷ ಎಂದು ತಿಳಿಯಲಿ ಎಂದು. ಮನೆಯಲ್ಲಿ ಕೂಸು, ಮುದುಕರಿದ್ದವರಿಗೆ ಈ ಜಾಣತನದ ಬೆಲೆ ಗೊತ್ತು.

ಎಲ್ಲಕ್ಕಿಂತ ಜಾಣ ಬಾಟಲಿ ಎಂದರೆ ಗೋಲಿ ಸೋಡಾದ್ದು. ಬನಶಂಕರಿ ಜಾತ್ರೆಯಲ್ಲಿ ನಾಟಕ ನೋಡಲು ಹೋದವರು ಇದನ್ನು ಕುಡಿಯದೆ ಬಂದದ್ದುಂಟೆ? ಲಂಡನ್ನಿನ ಹೈರಂ ಕಾಡ್ ಎಂಬಾತ 1872ರಲ್ಲಿ ಇದರ ಪೇಟೆಂಟ್ ಪಡೆದ. ಮುಚ್ಚಳವೂ ಬೇಡ, ಬಿರಡೆಯೂ ಬೇಡ. ಕೊರಳೊಳಗೆ ಒಂದು ಗಾಜಿನ ಗೋಲಿ, ಬಾಯಿಯ ಒಳಗೆ ರಬ್ಬರಿನ ಬಳೆ. ಬಾಟಲಿಯನ್ನು ತಲೆಕೆಳಗಾಗಿ ಹಿಡಿದು ಗ್ಯಾಸ್ ತುಂಬಿದರೆ ಅದರ ಒತ್ತಡಕ್ಕೆ ಗೋಲಿ ತಾನೇ ಬಂದು ರಬ್ಬರಿಗೆ ಒತ್ತಿ ಕೂಡುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ "ಟಪ್" ಎಂದು ಕೆಳಗೆ ಬೀಳುತ್ತದೆ. ಕುಡಿಯುವಾಗ ಗೋಲಿ ಮತ್ತೆ ಬಾಯಿಗೆ ಅಡ್ಡ ಬರದಂತೆ ಕೊರಳಲ್ಲಿ ಎರಡು ತಗ್ಗು. ಇಂಗ್ಲೆಂಡಿನಲ್ಲಿ ಇದು ಮರೆಯಾಗಿ ಬಹಳ ಕಾಲವಾಯಿತು. ಉಳಿದಿರುವುದು ನಮ್ಮಲ್ಲಿ, ಮತ್ತೆ ರಾಮುನೆ ಎಂಬ ಹೆಸರಿನಲ್ಲಿ ಜಪಾನಿನಲ್ಲಿ. ಹಳೆಯ ಗೋಲಿ ಬಾಟಲಿ ಒಡೆಯದೆ ಸಿಗುವುದು ಅಪರೂಪ. ಲಂಡನ್ನಿನ ಹುಡುಗನಾಗಲಿ ನಮ್ಮೂರಿನ ಹುಡುಗನಾಗಲಿ, ಬಾಟಲಿ ಒಡೆದು ಗೋಲಿ ತೆಗೆಯದೆ ಬಿಟ್ಟವನಲ್ಲ.

ಪುಸ್ತಕದಲ್ಲಿ ಸಿಗದ್ದನ್ನು ಕೇಳಲು ನಾನು ಮೋಡ್ಕಾ ಅಂಗಡಿಗೆ ಹೋಗತೊಡಗಿದೆ. ಅಲ್ಲಿನ ಚಾಚಾನ ಕಣ್ಣು ಯಾವ ಪಂಡಿತರಿಗೂ ಕಡಿಮೆಯಿಲ್ಲ. ಚೀಲ ಸುರಿದ ಕೂಡಲೇ ಕೈ ತಾನೇ ಬೇರ್ಪಡಿಸುತ್ತದೆ. ಮತ್ತೆ ತುಂಬಲು ಬರುವ ಬಾಟಲಿ ಒಂದು ಕಡೆ, ಒಡೆದದ್ದು ಬಣ್ಣದ ಪ್ರಕಾರ ಇನ್ನೊಂದು ಕಡೆ. ಒಡೆದ ಗಾಜಿಗೂ ಗಿರಾಕಿ ಉಂಟು. ಹೊಸ ಗಾಜಿನ ಪಾಕದಲ್ಲಿ ಒಡೆದ ಗಾಜು ಬೆರೆಸಿದರೆ ಕಡಿಮೆ ಕಾವಿಗೆ ಕರಗುತ್ತದೆ, ಉರುವಲು ಉಳಿಯುತ್ತದೆ. ನಿಮ್ಮ ಮನೆಯಿಂದ ಹೋದ ಚೂರು ಬಾಟಲಿಯಾಗಿಯೋ ಬಳೆಯಾಗಿಯೋ ಮತ್ತೆ ನಿಮ್ಮ ಓಣಿಗೇ ಬಂದಿರಬಹುದು. ಮೂರನೆಯ ಗುಂಪು ಸಣ್ಣದು. ಮೈಮೇಲೆ ಅಕ್ಷರ ಎದ್ದಿರುವ ಹಳೆಯ ಬಾಟಲಿಗಳು. ಅವನ್ನು ಕೊಳ್ಳುವವರು ಬೇರೆ. ಹಳ್ಳಿಯಿಂದ ಪಟ್ಟಣಕ್ಕೆ, ಪಟ್ಟಣದಿಂದ ಹುಬ್ಬಳ್ಳಿಗೆ, ಅಲ್ಲಿಂದ ಮುಂಬಯಿಯ ಚೋರ್ ಬಜಾರಿಗೆ ಹೋಗಿ ಅವು 'ಆಂಟಿಕ್' ಆಗುತ್ತವೆ.

ಒಂದು ದಿನ ನನ್ನ ಚೀಲದಿಂದ ಎರಡು ಬಾಟಲಿ ಒಯ್ದು ತೋರಿಸಿದೆ. ಒಂದು ಶುಭ್ರವಾಗಿತ್ತು. ಇನ್ನೊಂದು ಶಾಯಿಯ ದೌತಿ, ತಗಡಿನ ಮುಚ್ಚಳಕ್ಕೆ ತೂತು ಹೊಡೆದು ಬತ್ತಿ ಹಾಕಿ ಚಿಮಣಿ ಮಾಡಿದ್ದು, ಕೊರಳೆಲ್ಲ ಮಸಿ.

"ಅಕ್ಕೋರ, ಇದು ನಡೀತೈತ್ರಿ. ಆದ್ರ ಇದು ಬ್ಯಾಡ," ಎಂದು ದೌತಿಯನ್ನು ಬದಿಗೆ ಸರಿಸಿದ.

"ಯಾಕ ಚಾಚಾ? ಎರಡೂ ಒಂದ ವಯಸ್ಸಿನವು ಅದಾವಲ್ಲ?"

"ಇದನ್ನ ಮಂದಿ ಬಳಸ್ಯಾರ್ರಿ. ಬಳಸಿದ್ದಕ್ಕ ರೇಟಿಲ್ಲ."

ಸಂಗ್ರಹ ಮಾಡುವವರ ಲೆಕ್ಕವನ್ನು ಆತ ನಾಲ್ಕು ಮಾತಿನಲ್ಲಿ ಹೇಳಿದ್ದ. ಅವರಿಗೆ ಬೇಕಾದದ್ದು ಬಾಟಲಿಯ ಮೊದಲನೆಯ ಬಾಳು. ಕಂಪನಿಯ ಹೆಸರು, ಚೀಟಿ, ಕಲೆಯಿಲ್ಲದ ಮೈ. ಒಳಗಿನದು ಖಾಲಿಯಾದ ಮೇಲೆ ಅದು ಹೆಂಗಸರ ಕೈಗೆ ಬಂದು ಬಾಳಿದ ಎರಡನೆಯ ಬಾಳು ಅವರ ಪಾಲಿಗೆ ಕಲೆ, ಕೊರತೆ. ಆದರೆ ನನಗೆ ಬೇಕಾದದ್ದು ಅದೇ ಎಂದು ಆ ಹೊತ್ತಿಗೆ ನಿಚ್ಚಳವಾಯಿತು. ಕಂಪನಿಯ ಇತಿಹಾಸವನ್ನು ಕಂಪನಿಯವರು ಬರೆದುಕೊಳ್ಳುತ್ತಾರೆ. ಆ ದೌತಿಯ ಮಸಿಯ ಹಿಂದೆ, ಶಾಯಿ ಮುಗಿದ ಮೇಲೂ ಅದನ್ನು ಒಗೆಯದೆ ಮುಚ್ಚಳಕ್ಕೆ ಮೊಳೆ ಹೊಡೆದು, ಹಳೆಯ ಧೋತರದ ಅಂಚು ಹೊಸೆದು, ಚಿಮಣಿ ಎಣ್ಣೆ ಹಾಕಿ ಅಡಿಗೆಮನೆಗೆ ಬೆಳಕು ತಂದ ಒಬ್ಬ ಹೆಂಗಸಿದ್ದಾಳೆ. ಅವಳದನ್ನು ಬರೆಯುವವರು ಯಾರು?

ಹಾಗೆ ನೋಡತೊಡಗಿದ ಮೇಲೆ ಚೀಲದ ಬಾಟಲಿಗಳೆಲ್ಲ ಮಾತಾಡತೊಡಗಿದವು. ಹಾರ್ಲಿಕ್ಸಿನ ಅಗಲ ಬಾಯಿಯದು ಮೆಂತ್ಯೆಹಿಟ್ಟಿಗೆ. ಬ್ರಾಂಡಿಯದು ಔಡಲೆಣ್ಣೆಗೆ, ಮೇಲಿನ ಹೆಸರು ಕಾಣದಂತೆ ಅರಿವೆ ಸುತ್ತಿ ಹೊಲಿದದ್ದು. ಮನೆಯ ಮಾನ ಕಾಯಲು ಬಾಟಲಿಗೂ ಕುಪ್ಪಸ! ಅತ್ತರಿನ ಕುಪ್ಪಿ ಕಾಡಿಗೆಗೆ. ರೇಶನ್ ಅಂಗಡಿಯ ಚಿಮಣಿ ಎಣ್ಣೆಗೆ ಒಯ್ಯುತ್ತಿದ್ದ ಬಾಟಲಿಯ ಕೊರಳಿಗೆ ಸುತ್ತಿದ ಹುರಿ ಹಿಡಿದು ಹಿಡಿದು ಕರ್ರಗಾಗಿತ್ತು. ಆ ಹುರಿಯ ಕುಣಿಕೆಗೆ ನನ್ನ ಎರಡು ಬೆರಳು ಸರಿಯಾಗಿ ಹೋಗುವುದಿಲ್ಲ. ಹಿಡಿದು ನಡೆದವಳು ಎಂಟೋ ಹತ್ತೋ ವಯಸ್ಸಿನವಳಿರಬೇಕು.

ದವಾಖಾನೆಯ ಬಾಟಲಿಗಳೇ ಹದಿನಾರು ಇದ್ದವು. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಆಗ ಸರಕಾರಿ ದವಾಖಾನೆಗೆ ಹೋಗುವವರು ಬಾಟಲಿಯನ್ನು ಮನೆಯಿಂದಲೇ ತೊಳೆದು ಒಯ್ಯಬೇಕು. ಡಾಕ್ಟರು ಚೀಟಿ ಬರೆದರೆ ಕಂಪೌಂಡರು ದೊಡ್ಡ ಜಾಡಿಯಿಂದ ಮಿಕ್ಷರ್ ಹಾಕಿಕೊಡುತ್ತಿದ್ದ. ಒಂದು ಕಾಗದದ ಪಟ್ಟಿಯನ್ನು ಮಡಿಚಿ, ಕತ್ತರಿಯಿಂದ ಅಂಚಿಗೆ ಕಚ್ಚು ಹಾಕಿ, ಬಾಟಲಿಯ ಬೆನ್ನಿಗೆ ಅಂಟಿಸುತ್ತಿದ್ದ. ಒಂದು ಕಚ್ಚಿನಿಂದ ಇನ್ನೊಂದು ಕಚ್ಚಿಗೆ ಒಂದು ಡೋಸು. ಅಕ್ಷರ ಬಾರದ ತಾಯಿಗೂ ತಿಳಿಯುವ ಲೆಕ್ಕ ಅದು. ಇಷ್ಟು ಸರಳವಾಗಿ, ಇಷ್ಟು ಮರ್ಯಾದೆಯಿಂದ ಬಡವರಿಗೆ ಓದಲು ಕೊಟ್ಟ ಬರಹ ನಾನು ಬೇರೆ ಕಂಡಿಲ್ಲ.

ಹದಿನಾರರಲ್ಲಿ ಹದಿನೈದು ತೊಳೆದಿದ್ದವು, ಇನ್ನೊಮ್ಮೆ ಒಯ್ಯಲು ತಯಾರಾಗಿದ್ದವು. ಒಂದನ್ನು ಮಾತ್ರ ತೊಳೆದಿರಲಿಲ್ಲ. ಬೆನ್ನಿನ ಪಟ್ಟಿಗೆ ಆರು ಕಚ್ಚು. ಒಳಗೆ ಔಷಧ ಒಣಗಿ ಕಂದು ಬಣ್ಣದ ಉಂಗುರವಾಗಿ ಎರಡನೆಯ ಕಚ್ಚಿನ ಕೆಳಗೆ ಕೂತಿತ್ತು. ಬಿರಡೆ ಭದ್ರವಾಗಿತ್ತು. ಕೊರಳಿಗೆ ಒಂದೆಳೆ ಕರಿದಾರ.

ದೊಡ್ಡವ್ವ ಆಗ ಇನ್ನೂ ಇದ್ದಳು. ಕೈಯಲ್ಲಿ ಕೊಟ್ಟೆ. ಕನ್ನಡಕ ಹಾಕಿಕೊಳ್ಳಲೇ ಇಲ್ಲ. ಬೆರಳಿನಿಂದ ದಾರ ಮುಟ್ಟಿದಳು.

"ನಿಮ್ಮವ್ವನ ಬೆನ್ನಾಗ ಒಂದು ಹೆಣ್ಣು ಕೂಸು ಹುಟ್ಟಿತ್ತು. ಏಳು ತಿಂಗಳಿತ್ತು. ತೊಟ್ಟಿಲಕ್ಕ ಹಾಕಿ ಹೆಸರೂ ಇಟ್ಟಿದ್ವಿ. ಹೊಟ್ಟಿ ಜಾಡಿಸಾಕ ಹತ್ತಿ ಎರಡು ದಿನದಾಗ ಹೋತು. ಎರಡು ಸಲ ಕುಡಿಸಿದ್ದು ಅಷ್ಟ. ಉಳದದ್ದು ಚೆಲ್ಲಾಕ ಅವ್ವಗ ಮನಸ್ಸಾಗಲಿಲ್ಲ. ಯಾರಿಗೂ ಮುಟ್ಟಗೊಡತಿದ್ದಿಲ್ಲ."

ನನ್ನ ಅವ್ವ ಆಗ ಎರಡು-ಮೂರು ವರ್ಷದವಳು, ಅವಳಿಗೆ ನೆನಪಿಲ್ಲ. ಸೋದರಮಾವ ಆಮೇಲೆ ಹುಟ್ಟಿದವನು. ಆಯಿ ಈ ವಿಷಯ ಮೊಮ್ಮಕ್ಕಳ ಮುಂದೆ ಎಂದೂ ಎತ್ತಿದವಳಲ್ಲ. ಆ ರಾತ್ರಿ ಪರಿಹಾರದ ಕಾಗದಗಳ ಕಟ್ಟು ಬಿಚ್ಚಿ ವಂಶಾವಳಿಯನ್ನು ನೋಡಿದೆ. ಅಜ್ಜ, ಅಜ್ಜಿ, ಅವರ ಕೆಳಗೆ ಮಕ್ಕಳು, ಮೊಮ್ಮಕ್ಕಳು, ಎಲ್ಲರೂ ಕ್ರಮವಾಗಿ ಇದ್ದಾರೆ. ಕಾಗದದಲ್ಲಿ ತಪ್ಪೇನೂ ಇಲ್ಲ. ಏಳು ತಿಂಗಳಿಗೆ ಹೋದ ಕೂಸಿಗೆ ವಾರಸದ ಲೆಕ್ಕದಲ್ಲಿ ಜಾಗವಿಲ್ಲ. ಅದು ಹುಟ್ಟಿತ್ತು, ಅದಕ್ಕೆ ಹೆಸರಿತ್ತು, ಅದಕ್ಕಾಗಿ ಒಬ್ಬ ತಾಯಿ ಬಾಟಲಿ ತೊಳೆದುಕೊಂಡು ದವಾಖಾನೆಗೆ ಓಡಿದ್ದಳು ಎಂಬುದಕ್ಕೆ ಇರುವ ಪುರಾವೆ ಇದೊಂದೇ. ಮೋಡ್ಕಾದಲ್ಲಿ ಇದಕ್ಕೆ ರೇಟಿಲ್ಲ.

ಇಂಥ ವಸ್ತುಗಳನ್ನು ಕಾಪಾಡಿದವರು ಇಲ್ಲವೆಂದಲ್ಲ. ಪುಣೆಯ ದಿನಕರ ಕೇಳಕರರು ತೀರಿಹೋದ ಮಗ ರಾಜಾನ ಹೆಸರಿನಲ್ಲಿ ಅಡಕೊತ್ತು, ದೀಪ, ಪಾತ್ರೆ-ಪಗಡೆಗಳ ಸಂಗ್ರಹಾಲಯವನ್ನೇ ಮಾಡಿದರು. ಮಣಿಪಾಲದ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಕೆಡವುವ ಕಡೆಗೆಲ್ಲ ಓಡಿ ಕಂಬ-ಬಾಗಿಲುಗಳನ್ನು ಉಳಿಸಿ, ಮನೆಗಳನ್ನೇ ಎತ್ತಿ ತಂದು ನಿಲ್ಲಿಸಿದರು. ರಾಮನಗರದ ಬಳಿ ಎಚ್. ಎಲ್. ನಾಗೇಗೌಡರು ಜಾನಪದ ಲೋಕ ಕಟ್ಟಿದರು. ಸಾಧ್ಯವಾದಾಗ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಬೇಕಾದ ಜಾಗಗಳು ಇವು. ಆದರೆ ಎಲ್ಲರ ಮನೆಯ ಬಾಟಲಿಗೂ ಸಂಗ್ರಹಾಲಯ ಎಲ್ಲಿಂದ ಬರಬೇಕು? 1972ರ ಪ್ರಾಚ್ಯವಸ್ತು ಕಾಯ್ದೆ ಒಂದು ವಸ್ತುವಿಗೆ ನೂರು ವರ್ಷವಾದರೆ ಪ್ರಾಚ್ಯವಸ್ತು ಎನ್ನುತ್ತದೆ. ನಮ್ಮ ಗೂಡಿನ ವಸ್ತು ನೂರು ವರ್ಷ ಮುಟ್ಟುವುದರೊಳಗೆ ಅದನ್ನು ಬಳಸಿದವರ ನೆನಪು ಮೂರು ಸಲ ಸತ್ತಿರುತ್ತದೆ.

ಹಾಗಾಗಿ ನಾನು ಕಂಡುಕೊಂಡ ದಾರಿ ಬಹಳ ಸಣ್ಣದು. ಪ್ರತಿ ಬಾಟಲಿಗೆ ಒಂದು ಚೀಟಿ. ಅದರ ಮೇಲೆ ಕಂಪನಿಯ ಹೆಸರು, ಅಂದಾಜು ಕಾಲ, ಯಾವ ಮನೆಯದು. ಕೆಳಗೆ ಅದು ಖಾಲಿಯಾದ ಮೇಲೆ ಯಾರ ಕೈಯಲ್ಲಿತ್ತು, ಏನು ತುಂಬಿದ್ದರು, ಇದನ್ನು ನನಗೆ ಹೇಳಿದವರು ಯಾರು. ಇಷ್ಟೇ. ಇದಕ್ಕೆ ರೊಕ್ಕ ಬೇಡ, ಡಿಗ್ರಿ ಬೇಡ. ಇಳಕಲ್ಲಿನ ಗೆಳತಿಯೊಬ್ಬಳು ತನ್ನ ಅತ್ತೆಯ ಹಳೆಯ ಸೀರೆಗಳಿಗೆ ಹೀಗೆಯೇ ಚೀಟಿ ಹಚ್ಚಿದ್ದಾಳೆ. ಗುಳೇದಗುಡ್ಡದ ಇನ್ನೊಬ್ಬಳು ಖಣಗಳಿಗೆ ಹಚ್ಚುತ್ತಿದ್ದಾಳೆ. ಬರೆಯುವ ನೆವದಲ್ಲಿ ಅತ್ತೆ-ಸೊಸೆ ಒಂದು ಕಡೆ ಕೂತು ಮಾತಾಡುವಂತಾಯಿತು ಎಂದು ಅವಳು ನಕ್ಕು ಹೇಳಿದಳು.

ದೀಪಾವಳಿಗೆ ಅಟ್ಟ ಹಸನ ಮಾಡುವಾಗ ಮೋಡ್ಕಾದವನನ್ನು ಕರೆಯಿರಿ, ಬೇಡವೆನ್ನುವುದಿಲ್ಲ. ಅವನೂ ಬದುಕಬೇಕು, ಮನೆಯಲ್ಲಿ ಜಾಗವೂ ಆಗಬೇಕು. ಕರೆಯುವ ಮೊದಲು ಮನೆಯ ಹಿರಿಯ ಹೆಣ್ಣುಮಗಳ ಕೈಗೆ ಒಂದೊಂದನ್ನೂ ಕೊಟ್ಟು, "ಇದು ಯಾರದಿತ್ತು?" ಎಂದು ಕೇಳಿರಿ. ತೊಳೆಯದೆ ಇಟ್ಟದ್ದೇನಾದರೂ ಸಿಕ್ಕರೆ ಅವಸರ ಮಾಡಿ ತೊಳೆಯಬೇಡಿರಿ.

ಆ ಬಾಟಲಿಯ ಚೀಟಿಯ ಮೇಲೆ ದೊಡ್ಡವ್ವ ಹೇಳಿದ ಕೂಸಿನ ಹೆಸರನ್ನು ಬರೆದಿದ್ದೇನೆ. ವಂಶಾವಳಿಯ ನಕಲಿನಲ್ಲಿ, ಅವ್ವನ ಹೆಸರಿಗೂ ಸೋದರಮಾವನ ಹೆಸರಿಗೂ ನಡುವೆ, ಪೆನ್ಸಿಲ್ಲಿನಿಂದ ಒಂದು ಗೆರೆ ಎಳೆದು ಅಲ್ಲಿಯೂ ಬರೆದೆ.